ನನ್ನ ಹೆಸರಿನಲ್ಲಿ ಬರೆದ ಮೇಡಂ

ಮೇಡಂ ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಮರೆತಿದ್ದೇನೆ ಅಂತಲ್ಲ. ಹೆಸರಿನ ವಿಷಯದಲ್ಲೇ ಅವರು ನನ್ನನ್ನು ಎಂಥ ಗೊಂದಲಕ್ಕೆ ಕೆಡವಿ ಹೋದರೆಂದರೆ, ಅವರ ಹೆಸರು ಬರೆದರೆ ಪಕ್ಕದಲ್ಲೇ ನನ್ನ ಹೆಸರನ್ನೂ ಬರೆಯಬೇಕಾಗುತ್ತದೆ, ಯಾವುದು ಯಾರದು ಅಂತ ಬಿಡಿಸಿ ಹೇಳಬೇಕಾಗುತ್ತದೆ. ಅವರು ತೀರಿಕೊಂಡು ಮೂರು ವರ್ಷವಾಯಿತು. ಅವರು ಎಂಥವರಾಗಿದ್ದರು ಅಂತ ನನಗೆ ಇವತ್ತಿಗೂ ಸರಿಯಾಗಿ ತಿಳಿದಿಲ್ಲ. ತಿಳಿದಷ್ಟನ್ನು ಹೇಳುತ್ತೇನೆ.

ಚನ್ನಪಟ್ಟಣದಲ್ಲಿ ನಂದೊಂದು ಸ್ಟುಡಿಯೊ ಇದೆ. ಮದುವೆ, ನಾಮಕರಣ, ಗೃಹಪ್ರವೇಶಗಳ ವಿಡಿಯೊ ತೆಗೆದು, ಬೇಡದ್ದನ್ನು ಕತ್ತರಿಸಿ, ಹಾಡು ಕೂಡಿಸಿ ಕೊಡುವುದು ನನ್ನ ಕೆಲಸ. ಹುಟ್ಟಿದ್ದು ಕೆಂಗಲ್ ಹತ್ತಿರದ ಹಳ್ಳಿಯಲ್ಲಿ, ರಾಗಿ ಮತ್ತು ಹಿಪ್ಪುನೇರಳೆ ಬೆಳೆಯುವ ಮನೆಯಲ್ಲಿ. ಸ್ಟುಡಿಯೊ ಹಿಂದಿನ ಬೀದಿಯಲ್ಲಿ ಒಂದು ಬೊಂಬೆ ಮಾಡುವ ಕಾರ್ಖಾನೆ. ಅದರ ಮೇಲಿನ ಮನೆಯಲ್ಲಿ ಮೇಡಂ ಬಾಡಿಗೆಗಿದ್ದರು. ಕೆಳಗೆ ಮರ ಕಡೆಯುವ ಲೇತ್ ತಿರುಗಲು ಶುರುವಾದರೆ ಅವರ ಮನೆಯ ನೆಲ ಸಣ್ಣಗೆ ನಡುಗುತ್ತಿತ್ತು. ಬಿಸಿ ಅರಗಿನ ವಾಸನೆ ಕಿಟಕಿಯಿಂದ ಒಳಗೆ ಬರುತ್ತಿತ್ತು. ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಅವರು ಎಲೆಕ್ಟ್ರಾನಿಕ್ಸ್ ಪಾಠ ಮಾಡುತ್ತಿದ್ದರು. ಮದುವೆಯಾಗಿರಲಿಲ್ಲ. ಕಾಟನ್ ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಶೂ ಹಾಕಿಕೊಂಡು ಬೀದಿಯಲ್ಲಿ ಸರಸರ ನಡೆದು ಹೋಗುವವರು ನಮ್ಮೂರಲ್ಲಿ ಅವರೊಬ್ಬರೇ.

ಏನಾದರೂ ಕೇಳಿದರೆ ಅವರು ಮೊದಲು ಕನ್ನಡಕ ತೆಗೆದು ಸೆರಗಿನ ತುದಿಯಲ್ಲಿ ಒರೆಸುತ್ತಿದ್ದರು. ಕನ್ನಡಕವಿಲ್ಲದೆ ಅವರಿಗೆ ಎದುರಿಗಿದ್ದವರ ಮುಖ ಕಾಣುತ್ತಿರಲಿಲ್ಲ. ಹಾಗೆ ಕಾಣದೆಯೇ ನಮ್ಮ ಕಡೆ ನೋಡುತ್ತಾ, "ಗೊತ್ತಿಲ್ಲ ಕಣಪ್ಪ. ಇರು, ನೋಡ್ತೀನಿ" ಅನ್ನುತ್ತಿದ್ದರು. ಎಲ್ಲದಕ್ಕೂ ಅವರ ಮೊದಲ ಉತ್ತರ "ಗೊತ್ತಿಲ್ಲ". ಎರಡನೆಯದು "ಕ್ಷಮಿಸಿ". ಬಸ್ಸಿನಲ್ಲಿ ಕಾಲು ತುಳಿಸಿಕೊಂಡವರೂ ಅವರೇ, ಕ್ಷಮಿಸಿ ಅನ್ನುವವರೂ ಅವರೇ. ಮೆಟ್ಟಿಲ ಮೇಲೆ ಮಲಗಿದ್ದ ಬೆಕ್ಕನ್ನು ದಾಟುವಾಗಲೂ ಕ್ಷಮಿಸಿ ಅಂದದ್ದನ್ನು ನಾನೇ ಕೇಳಿದ್ದೇನೆ. ಅವರು ಯಾರಿಗಾದರೂ ಗಟ್ಟಿಯಾಗಿ ಒಂದು ಮಾತಾಡಿದ್ದನ್ನು ನಮ್ಮ ಬೀದಿಯಲ್ಲಿ ಯಾರೂ ಕೇಳಿರಲಿಲ್ಲ.

ಪರಿಚಯವಾದ ಹೊಸದರಲ್ಲಿ ಅವರು ಹೇಳಿದ್ದು, ಕಾಲೇಜು ಬಿಟ್ಟರೆ ತಾನು ಒಂದು ಲೈಬ್ರರಿಗೆ ಕೆಲಸ ಮಾಡ್ತೀನಿ ಅಂತ. ಸರಿ, ಓದೋ ಮನುಷ್ಯರು, ಪುಸ್ತಕ ಜೋಡಿಸಿಕೊಡುತ್ತಾರೇನೋ ಅಂದುಕೊಂಡೆ. ಒಂದು ಸಲ ರಾಮನಗರಕ್ಕೆ ಹೋದಾಗ ಅಲ್ಲಿನ ಲೈಬ್ರರಿಯಲ್ಲಿ ವಿಚಾರಿಸಿಯೂ ಬಿಟ್ಟೆ. ಅಂಥವರು ಯಾರೂ ಇಲ್ಲಿಲ್ಲ ಅಂದರು. ವಾಪಸು ಬಂದು ಮೇಡಂಗೆ ಹೇಳಿದರೆ, ಅವರು ಕನ್ನಡಕ ಒರೆಸಿಕೊಂಡು ತುಂಬ ಹೊತ್ತು ನಕ್ಕರು. ಪುಸ್ತಕದ ಲೈಬ್ರರಿ ಅಲ್ಲವಂತೆ. ವಿಡಿಯೊವನ್ನು ಚಿಕ್ಕದು ಮಾಡಿ ತುಂಬಿಡುವುದಕ್ಕೆ, ಆಮೇಲೆ ಬಿಚ್ಚಿ ತೋರಿಸುವುದಕ್ಕೆ ಬೇಕಾದ ಪ್ರೋಗ್ರಾಮುಗಳ ಒಂದು ಕಂತೆಯಂತೆ. ಹೀಗೆ ತುಂಬಿ ಬಿಚ್ಚುವುದಕ್ಕೆ ಕೋಡೆಕ್ ಅನ್ನುತ್ತಾರೆ. ಆ ಕಂತೆಗೆ ಲೈಬ್ರರಿ ಅಂತ ಹೆಸರು. ಯಾರ ಸ್ವತ್ತೂ ಅಲ್ಲ, ಬೇಕಾದವರು ತೆಗೆದುಕೊಳ್ಳಬಹುದು, ತಪ್ಪು ಕಂಡವರು ತಿದ್ದಿ ಕಳಿಸಬಹುದು. ಲೋಕದ ಎಲ್ಲೆಲ್ಲಿಂದಲೋ ಜನ ತಿದ್ದಿ ಕಳಿಸುತ್ತಾರೆ.

"ನಿನ್ನ ಕಂಪ್ಯೂಟರಿನಲ್ಲೂ ಅದೇ ಇರೋದು" ಅಂದರು.

"ನಾನ್ ಯಾವತ್ತೂ ನೋಡೇ ಇಲ್ವಲ್ಲ ಮೇಡಂ?"

"ಅದು ನೋಡೋಕೆ ಇರೋದಲ್ಲ. ಅದು ಸರಿಯಾಗಿದ್ರೆ ನಿನಗೆ ನಿನ್ನ ವಿಡಿಯೊ ಕಾಣ್ಸುತ್ತೆ, ಅಷ್ಟೆ."

ಆವತ್ತು ನನಗೆ ಪೂರ್ತಿ ಅರ್ಥವಾಗಲಿಲ್ಲ. ಅರ್ಥವಾಗುವಂಥ ಸಂದರ್ಭ ಬಂದದ್ದು ಒಂದು ಮದುವೆಯಿಂದ.

ಕೆಂಗಲ್ ಹತ್ತಿರದ ಛತ್ರದಲ್ಲಿ ಮದುವೆ. ಧಾರೆ ಮುಗಿಯುತ್ತಿದ್ದ ಹಾಗೇ ನನ್ನ ಕ್ಯಾಮೆರಾದ ಬ್ಯಾಟರಿ ಕಳಚಿಕೊಂಡಿತು. ಮತ್ತೆ ಸಿಕ್ಕಿಸಿ ಉಳಿದದ್ದನ್ನು ತೆಗೆದೆ. ಮನೆಗೆ ಬಂದು ನೋಡಿದರೆ ಧಾರೆಯ ಫೈಲು ತೆರೆಯುತ್ತಲೇ ಇಲ್ಲ. ಹೇಗೆ ಹೇಳುವುದು ಅಂತ ನಾನು ದಿನ ತಳ್ಳುತ್ತಿದ್ದೆ. ಅಷ್ಟರಲ್ಲಿ ಮದುಮಗಳ ಅಪ್ಪ ಎದೆನೋವು ಬಂದು ತೀರಿಹೋದರು. ಹದಿನೈದು ದಿನದ ಮೇಲೆ ಮದುಮಗಳ ಅಣ್ಣ ಸ್ಟುಡಿಯೊಗೆ ಬಂದ. "ಧಾರೆ ಎರೆದಿದ್ದು ಒಂದು ಕೊಟ್ಬುಡಣ್ಣ ಸಾಕು. ಅಪ್ಪಯ್ಯ ನಡೆದಾಡಿದ್ದು, ಮಾತಾಡಿದ್ದು ಬ್ಯಾರೆ ಎಲ್ಲೂ ಇಲ್ಲ ನಮ್ತಾವ" ಅಂದ. ನಾಳೆ ಬಾ ಅಂದೆ.

ಬೆಂಗಳೂರಿಗೆ ಹೋಗಿ ಎರಡು ಕಡೆ ತೋರಿಸಿದೆ. ಆಗಲ್ಲ ಅಂದರು. ಕೊನೆಗೆ ಮೆಮೊರಿ ಕಾರ್ಡ್ ಹಿಡಿದುಕೊಂಡು ಮೇಡಂ ಮನೆಯ ಮೆಟ್ಟಿಲು ಹತ್ತಿದೆ.

"ಗೊತ್ತಿಲ್ಲ ಕಣಪ್ಪ. ಇರು, ನೋಡ್ತೀನಿ."

ನಾಲ್ಕು ದಿನ ನೋಡಿದರು. ಕಾಲೇಜಿನಿಂದ ಬಂದವರೇ ಕಡ್ಲೆಪುರಿಯ ಬಟ್ಟಲು ಪಕ್ಕಕ್ಕಿಟ್ಟುಕೊಂಡು ಕೂರುತ್ತಿದ್ದರು. ಫೈಲು ಹಾಳಾಗಿಲ್ಲ, ಯಾವುದು ಎಲ್ಲಿದೆ ಅನ್ನುವ ಪಟ್ಟಿಯನ್ನು ಕ್ಯಾಮೆರಾ ಕೊನೆಯಲ್ಲಿ ಬರೆಯುತ್ತದೆ, ಅದನ್ನು ಬರೆಯುವ ಮೊದಲೇ ಬ್ಯಾಟರಿ ಹೋಗಿದೆ ಅಂದರು. ಆ ಪಟ್ಟಿಯನ್ನು ತಾವೇ ಕಟ್ಟಿದರು. ಐದನೆಯ ದಿನ ಚಿತ್ರ ಬಂತು. ಆದರೆ ನಡುನಡುವೆ ಹಸಿರು ಚೌಕಗಳು, ಹರಿದ ಬಟ್ಟೆಯಂತೆ ಕಾಣುವ ಮುಖಗಳು.

ಆಗ ಅವರು ವಿವರಿಸಿದ್ದು ನನಗೆ ಇವತ್ತಿಗೂ ನೆನಪಿದೆ. "ಧಾರೆ ಮುಗಿಯೋವರೆಗೆ ಮಂಟಪ ಎಲ್ಲಾದ್ರೂ ಹೋಗುತ್ತಾ? ಬಾಳೆಕಂಬ ಹೋಗುತ್ತಾ? ಅಲ್ಲಾಡೋದು ಕೈ, ಬೀಳೋದು ನೀರು. ಅದಕ್ಕೆ ಒಂದು ಸಲ ಮಂಟಪ ಪೂರ್ತಿ ಬರೆದಿಟ್ಟು, ಆಮೇಲೆ ಬದಲಾಗಿದ್ದನ್ನ ಮಾತ್ರ ಬರೀತಾ ಹೋಗೋದು. ಚಿಕ್ಕದು ಮಾಡೋ ಉಪಾಯ ಅದೇ. ಆದ್ರೆ ಮಧ್ಯದಲ್ಲಿ ಒಂದು ಕಡೆ ತಪ್ಪಿತು ಅಂದ್ರೆ, ಮುಂದೆ ಪೂರ್ತಿ ಚಿತ್ರ ಬರೋವರೆಗೆ ತಪ್ಪಿನ ಮೇಲೇ ತಪ್ಪು ಕೂರುತ್ತೆ."

ಹಾಗೆ ತಪ್ಪಿದ ಚೌಕಗಳನ್ನು ಹಿಂದಿನ ಚಿತ್ರದಿಂದ, ಅಕ್ಕಪಕ್ಕದಿಂದ ಊಹಿಸಿ ತುಂಬುವ ಭಾಗ ಆ ಲೈಬ್ರರಿಯಲ್ಲಿ ಇತ್ತಂತೆ. ಆದರೆ ಅದರಲ್ಲೇ ಒಂದು ದೋಷ. ಮೇಡಂ ಅದನ್ನು ತಿದ್ದಿದರು. ತಿದ್ದಿದ ಮೇಲೆ ನೋಡಿದರೆ, ಮದುಮಗಳ ಅಪ್ಪ ಚೆಂಬು ಹಿಡಿದು, ಕಣ್ಣು ತುಂಬಿಕೊಂಡು, ಮಗಳ ಕೈಯ ಮೇಲೆ ನೀರು ಬಿಡುತ್ತಿದ್ದರು. ನಾನು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತುಬಿಟ್ಟೆ.

ಅವರ ಮನೆಗೆ ವಿಡಿಯೊ ಕೊಡಲು ಹೋಗುವಾಗ ಮೇಡಂ ತಾನೂ ಬರುತ್ತೇನೆ ಅಂದರು. ಹೋದೆವು. ಎಲ್ಲರೂ ಟಿವಿಯ ಮುಂದೆ ಕೂತು ಅಳುತ್ತಾ ನೋಡಿದರು. ಮುಗಿದ ಮೇಲೆ ಮೇಡಂ ಮದುಮಗಳ ಅಮ್ಮನ ಪಕ್ಕ ಹೋಗಿ ಕೂತು, "ಕ್ಷಮಿಸಿ, ಒಂದು ವಿಷಯ ಹೇಳ್ಬೇಕು. ನೀರು ಬಿಡೋವಾಗ ಸ್ವಲ್ಪ ಹೊತ್ತು ಅವರ ಮುಖ ಕಾಣುತ್ತಲ್ಲ, ಅಲ್ಲಿ ನಿಜವಾದ ಚಿತ್ರ ಸಿಕ್ಕಿಲ್ಲ. ಕಂಪ್ಯೂಟರ್ ಊಹೆ ಮಾಡಿ ತುಂಬಿರೋದು" ಅಂದರು.

ಹೊರಡುವ ಮೊದಲೇ ಕೈ ಮುಗಿದು ಕೇಳಿಕೊಂಡಿದ್ದೆ, ಅದೊಂದು ಹೇಳಬೇಡಿ ಅಂತ. ಆ ತಾಯಿ, "ಇರ್ಲಿ ಬುಡವ್ವ. ನಮ್ ಯಜಮಾನ್ರ ಮುಖನೇ ಅಲ್ವಾ" ಅಂದರು. ಮೇಡಂ "ಅವರದೇ. ಆದ್ರೆ ಆ ಹೊತ್ತಿಂದಲ್ಲ" ಅಂದರು. ದಾರಿಯಲ್ಲಿ ನಾನು ಅವರ ಜೊತೆ ಮಾತಾಡಲಿಲ್ಲ. ಅವರೇ ಹೇಳಿದರು, "ಸುಳ್ಳು ಕೊಟ್ಟು ನಿಜ ಅನ್ನಬಾರದು ಕಣಪ್ಪ. ಯಾರಿಗೂ." ಈ ಮಾತು ಹೇಳಿದವರೇ ಆಮೇಲೆ ಮಾಡಿದ್ದು ಏನು ಅಂತ ಯೋಚಿಸಿದರೆ ನನಗೆ ತಲೆ ಕೆಡುತ್ತದೆ.

ಆ ತಿದ್ದುಪಡಿಯನ್ನು ಅವರು ಲೈಬ್ರರಿಗೆ ಕಳಿಸಿದರು, ಅಲ್ಲಿನವರು ಸೇರಿಸಿಕೊಂಡರು. ಅದಾದ ಮೇಲೆ ಅವರು ಆಗಾಗ ಸ್ಟುಡಿಯೊಗೆ ಬಂದು ಟೀ ಕುಡಿಯುತ್ತಾ ಲೈಬ್ರರಿಯ ಕಥೆ ಹೇಳುತ್ತಿದ್ದರು. ಮೊದಲಿಗೆ ಎಲ್ಲೋ ದೂರ ದೇಶದ ಒಬ್ಬ ತನ್ನ ಪಾಡಿಗೆ ತಾನು ಬರೆದುಕೊಂಡಿದ್ದನಂತೆ. ಆಮೇಲೆ ಹತ್ತಾರು ಜನ ಕೂಡಿಕೊಂಡರಂತೆ. ಯಾರೂ ಯಾರ ಮುಖವನ್ನೂ ನೋಡಿಲ್ಲ, ಮಾತೆಲ್ಲ ಇಂಗ್ಲಿಷಿನಲ್ಲಿ, ಈಮೇಲಿನಲ್ಲಿ. ನಮ್ಮೂರಿನ ಹಾಲಿನ ಡೈರಿಯಲ್ಲಿ ನಡೆಯುವಂಥದ್ದೇ ಜಗಳ ಅಲ್ಲೂ ನಡೆಯಿತು. ಮುಖಂಡನಾಗಿದ್ದವನು ತನಗೆ ಸರಿ ಕಂಡದ್ದನ್ನು ತಾನೇ ಸೇರಿಸಿಬಿಡುತ್ತಾನೆ ಅಂತ ಒಂದು ಗುಂಪು. ಪ್ರತಿಯೊಂದು ಸಾಲನ್ನೂ ನಾಲ್ಕು ಜನ ನೋಡುತ್ತಾ ಕೂತರೆ ಕೆಲಸವೇ ಸಾಗುವುದಿಲ್ಲ ಅಂತ ಇನ್ನೊಂದು ಗುಂಪು. ಕೊನೆಗೆ ಒಂದು ಗುಂಪು ಪೂರ್ತಿ ಕಂತೆಯನ್ನು ನಕಲು ಮಾಡಿಕೊಂಡು, ಬೇರೆ ಹೆಸರಿಟ್ಟು, ಬೇರೆ ಮನೆ ಹೂಡಿತು.

"ನಕಲು ಮಾಡ್ಕೊಂಡ್ ಹೋದ್ರೆ ಕಳ್ತನ ಅಲ್ವಾ ಮೇಡಂ?"

"ಅಲ್ಲ. ಯಾರು ಬೇಕಾದ್ರೂ ತಗೊಂಡು ಹೋಗ್ಬಹುದು ಅಂತ್ಲೇ ಅದರ ಕರಾರು. ಆದ್ರೆ ಈಗ ಇಲ್ಲಿ ಮುಚ್ಚಿದ ತೂತು ಅಲ್ಲಿ ಹಾಗೇ ಇರುತ್ತೆ. ಅಲ್ಲಿಯವರು ಇಲ್ಲಿಯವರ ಮೇಲ್ ತೆರೆದೂ ನೋಡಲ್ಲ."

ಮೇಡಂ ಹಳೆಯ ಗುಂಪಿನಲ್ಲೇ ಉಳಿದರು. ಹೊಸ ಗುಂಪಿಗೂ ಎರಡು ಸಲ ತಿದ್ದುಪಡಿ ಕಳಿಸಿದರಂತೆ. ನೀವು ಆ ಕಡೆಯವರು ಅಂತ ಅವರು ತಿರುಗಿಸಿ ಕಳಿಸಿದರಂತೆ. ಅದನ್ನು ಹೇಳುವಾಗ ಅವರು ಕನ್ನಡಕ ತೆಗೆಯಲಿಲ್ಲ. ಅಷ್ಟು ಸಿಟ್ಟಿನಲ್ಲಿ ನಾನು ಅವರನ್ನು ನೋಡಿದ್ದು ಅದೊಂದೇ ಸಲ.

ಅದೇ ವಾರವೋ ಮುಂದಿನ ವಾರವೋ, ನಾನು ಆಲ್ಬಂ ಪುಟಗಳಿಗೆ ಗೋಂದು ಹಚ್ಚುತ್ತಾ ಕೂತಿದ್ದಾಗ ಬಂದು ಕೇಳಿದರು, "ನಿನ್ನ ಹೆಸರಲ್ಲಿ ಒಂದು ಮೇಲ್ ಐಡಿ ಮಾಡ್ಕೊಳ್ಲಾ? ಲೈಬ್ರರಿಗೆ ಬರೆಯೋಕೆ."

"ಮಾಡ್ಕೊಳಿ ಮೇಡಂ, ಅದಕ್ಕೇನಂತೆ" ಅಂದೆ. ತಲೆ ಎತ್ತಿಯೂ ನೋಡಲಿಲ್ಲ. ಅವರ ಈಮೇಲು ಕೆಟ್ಟಿರಬೇಕು ಅಂದುಕೊಂಡೆ. "ಯೋಚನೆ ಮಾಡಿ ಹೇಳು" ಅಂದರು. "ಯೋಚ್ನೆ ಮಾಡಕ್ಕೆ ಏನೈತೆ ಮೇಡಂ, ಹೆಸರೇನು ಸವೆದೋಯ್ತದಾ?" ಅಂದೆ. ಇಷ್ಟೇ ನಡೆದದ್ದು. ಈ ಮಾತುಕತೆಯನ್ನು ನಾನು ನೂರು ಸಲ ನೆನಪಿಸಿಕೊಂಡಿದ್ದೇನೆ. ಅವರು ಕೇಳಿದ್ದು ನಿಜ, ನಾನು ಒಪ್ಪಿದ್ದೂ ನಿಜ. ಆದರೆ ಅವರು ಏನು ಕೇಳಿದರು, ನಾನು ಏನಕ್ಕೆ ಒಪ್ಪಿದೆ?

ಆಮೇಲೆ ಎಷ್ಟೋ ವರ್ಷ ಆ ವಿಷಯ ಬರಲಿಲ್ಲ. ಮೇಡಂ ರಿಟೈರ್ ಆದರು. ಮಾಗಡಿ ಕಡೆಯ ಹಳ್ಳಿಯಲ್ಲಿ ಅವರ ಅಕ್ಕ ಇದ್ದರು, ಅಲ್ಲಿಗೇ ಹೋಗಿ ಇರುತ್ತೇನೆ ಅಂದರು. ಸಾಮಾನು ಮೊದಲೇ ಹೋಗಿತ್ತು. ಅವರನ್ನು ರಾಮನಗರದವರೆಗೆ ಬಿಟ್ಟು ಮಾಗಡಿ ಬಸ್ಸು ಹತ್ತಿಸಲು ನಾನು ಹೋಗಿದ್ದೆ. ರೇಷ್ಮೆಗೂಡು ಮಾರಿ ಬಂದವರ ಖಾಲಿ ಚೀಲಗಳ ಮಧ್ಯೆ ಬಸ್‌ ಸ್ಟ್ಯಾಂಡಿನಲ್ಲಿ ನಿಂತಿದ್ದೆವು. ಬಸ್ಸು ಬಂತು. ಹತ್ತುವ ಮೊದಲು ತಿರುಗಿ, "ನಿನ್ನ ಹೆಸರು ಕೆಡಿಸಿಲ್ಲ ಕಣಪ್ಪ" ಅಂದರು. ಏನು ಮೇಡಂ ಅಂತ ಕೇಳುವಷ್ಟರಲ್ಲಿ ಹಿಂದಿದ್ದವರು ತಳ್ಳಿಕೊಂಡು ಹತ್ತಿದರು. ಕಿಟಕಿಯ ಪಕ್ಕ ಸೀಟು ಸಿಕ್ಕಿತು ಅಂತ ಕೈ ಮಾಡಿ ತೋರಿಸಿದರು. ಒಂದು ವರ್ಷ ತುಂಬುವ ಮೊದಲೇ ಅವರ ಅಕ್ಕ ಫೋನ್ ಮಾಡಿ, ಜ್ವರ ಬಂದು ಮೂರೇ ದಿನಕ್ಕೆ ಹೋಗಿಬಿಟ್ಟಳು ಅಂದರು. ಮಣ್ಣಿಗೆ ಹೋಗಿ ಬಂದೆ.

ಹೋದ ವರ್ಷ ಒಂದು ಬೆಳಿಗ್ಗೆ, ಬೆಂಗಳೂರಿನ ರೈಲು ಇಳಿದು ಒಬ್ಬ ಹೆಣ್ಣುಮಗಳು ಸ್ಟುಡಿಯೊ ಹುಡುಕಿಕೊಂಡು ಬಂದರು. ಮೂವತ್ತೈದರ ವಯಸ್ಸು, ಹೆಗಲಿಗೆ ಬ್ಯಾಗು. ನನ್ನ ಹೆಸರು ಹೇಳಿ, "ನೀವೇನಾ?" ಅಂದರು. ಹೌದು ಅಂದೆ. ಅವರು ಎರಡೂ ಕೈ ಜೋಡಿಸಿಬಿಟ್ಟರು.

"ನಿಮ್ಮನ್ನ ನೋಡ್ಬೇಕು ಅಂತ ಎಷ್ಟು ವರ್ಷದಿಂದ ಅಂದ್ಕೊಂಡಿದ್ದೆ ಸರ್. ಎಲ್ಲಾ ಕಡೆ ಹುಡುಕಿದೀವಿ. ಮೇಲ್‌ಗೆ ಉತ್ತರ ಇಲ್ಲ. ನೀವು ಒಂದು ಪತ್ರದಲ್ಲಿ ಚನ್ನಪಟ್ಟಣದ ಸ್ಟುಡಿಯೊ ಅಂತ ಬರೆದಿದ್ರಲ್ಲ, ಅದೊಂದೇ ಗುರುತು."

ಅವರು ಆ ಲೈಬ್ರರಿಯವರು. ಜಗಳವಾಡಿ ಬೇರೆಯಾಗಿದ್ದ ಎರಡು ಗುಂಪುಗಳೂ ಮತ್ತೆ ಒಂದಾಗಿದ್ದವಂತೆ. ಈಗ ಎಲ್ಲ ಸೇರಿ ಲೈಬ್ರರಿಯ ಚರಿತ್ರೆ ಬರೆಯುತ್ತಿದ್ದಾರಂತೆ, ಬರೆಯುವ ಕೆಲಸ ಇವರ ಪಾಲಿಗೆ ಬಂದಿದೆಯಂತೆ. ಹೊಸ ಗುಂಪಿಗೆ ವರ್ಷಗಟ್ಟಲೆ ತಿದ್ದುಪಡಿ ಕಳಿಸಿದವನು ನಾನಂತೆ. ಗುಂಪುಗಳು ಒಂದಾಗಲು ದಾರಿ ಮಾಡಿದ ಪತ್ರ ಬರೆದವನೂ ನಾನಂತೆ. ಲ್ಯಾಪ್‌ಟಾಪ್ ತೆರೆದು ತೋರಿಸಿದರು. ಸಾಲುಸಾಲಾಗಿ ನನ್ನ ಹೆಸರು. ಇಂಗ್ಲಿಷಿನಲ್ಲಿ, ನಮ್ಮಪ್ಪನ ಇನಿಷಿಯಲ್ ಸಮೇತ.

ಆಗ ನಾನು ಮಾಡಿದ್ದನ್ನು ಹೇಳಲು ಇವತ್ತಿಗೂ ನಾಚಿಕೆ. ಮೇಡಂ ಅಂದು ಕೇಳಿದ್ದು ತಕ್ಷಣ ನೆನಪಾಯಿತು. ಇದು ನಾನಲ್ಲ ಅನ್ನಬೇಕಿತ್ತು. ಬಾಯಿ ಬಿಟ್ಟರೆ ಸತ್ತವರ ಮೇಲೆ ಏನು ತಪ್ಪು ಬರುತ್ತದೋ ಅಂತ ಭಯವಾಯಿತು. ಸುಮ್ಮನೆ ತಲೆಯಾಡಿಸಿದೆ. ಅವರ ಗುಟ್ಟು ಕಾಪಾಡುತ್ತಿದ್ದೇನೆ ಅಂದುಕೊಂಡೆ. ಅಷ್ಟೇ ಆಗಿತ್ತಾ? ಆಕೆ ಕೈ ಮುಗಿದಾಗ ನನಗೆ ಹಿತವಾಗಲಿಲ್ಲವಾ? ಆಕೆ ನನ್ನ ಫೋಟೊ ತೆಗೆದುಕೊಂಡರು. ನಾನು ತಲೆ ಬಾಚಿಕೊಂಡು ನಿಂತೆ.

ಪ್ರೋಗ್ರಾಮಿನ ಸಾಲುಗಳ ಬಗ್ಗೆ ಒಂದೆರಡು ಪ್ರಶ್ನೆ ಕೇಳಿದರು. "ಎಲ್ಲ ಮರ್ತೋಗಿದೆ" ಅಂದೆ. ದೊಡ್ಡವರ ವಿನಯ ಅಂತ ತಿಳಿದುಕೊಂಡರು. ಆಮೇಲೆ ಹಳೆಯ ಪತ್ರಗಳನ್ನು ಓದಿ, ಕನ್ನಡದಲ್ಲಿ ಹೇಳುತ್ತಾ ಹೋದರು. ಕೇಳುತ್ತಾ ಕೇಳುತ್ತಾ ನನಗೆ ದಿಕ್ಕು ತಪ್ಪಿತು.

ನನ್ನ ಹೆಸರಿನ ಆ ಮನುಷ್ಯ ಭಾರಿ ಜಗಳಗಂಟ. ಯಾರಿಗೂ ಹೆದರುವುದಿಲ್ಲ. "ನಿಮ್ಮ ಈ ಸಾಲುಗಳನ್ನು ನೋಡಿದರೆ ನಮ್ಮ ಹಳ್ಳಿಯ ಎಮ್ಮೆಯೂ ಮುಖ ತಿರುಗಿಸುತ್ತದೆ" ಅಂತ ಒಬ್ಬ ದೊಡ್ಡ ಎಂಜಿನಿಯರಿಗೆ ಬರೆದಿದ್ದಾನೆ. "ನಾನು ಕಾಲೇಜು ಮೆಟ್ಟಿಲು ಹತ್ತಿದವನಲ್ಲ, ಆದರೆ ನನಗೆ ಎಣಿಸಲು ಬರುತ್ತದೆ" ಅಂತ ಇನ್ನೊಬ್ಬನಿಗೆ. ಕ್ಷಮಿಸಿ ಅನ್ನುವ ಪದ ಒಂದು ಕಡೆಯೂ ಇಲ್ಲ. ಹಳೆಯ ಗುಂಪಿನಲ್ಲಿ ಮೇಡಂ ತಮ್ಮ ಸ್ವಂತ ಹೆಸರಿನಲ್ಲಿ ಬರೆದ ಪತ್ರಗಳೂ ಇದ್ದವು. ಅವೆಲ್ಲ ಮೆತ್ತಗೆ, ಸಾಲುಸಾಲಿಗೂ ಕ್ಷಮೆ. ಅದರಲ್ಲಿ ಒಂದು ಪತ್ರದಲ್ಲಿ, ಹೊಸ ಗುಂಪಿನ ಆ ಮನುಷ್ಯನಿಗೆ, ಅಂದರೆ ನನಗೆ, ನಯವಿನಯವೇ ಇಲ್ಲ ಅಂತ ಮೇಡಂ ದೂರಿದ್ದರು! ಅದಕ್ಕೆ ನಾನು ಬೇರೆ ಉತ್ತರ ಬರೆದಿದ್ದೆ. "ಆ ಹೆಂಗಸು ಮೊದಲು ಕ್ಷಮಿಸಿ ಅನ್ನುವುದನ್ನು ನಿಲ್ಲಿಸಲಿ, ಆಮೇಲೆ ಮಾತಾಡೋಣ" ಅಂತ.

"ನೀವಿಬ್ರೂ ಒಂದೇ ಊರಿನವರು ಅಂತ ಯಾರಿಗೂ ಗೊತ್ತಿರ್ಲಿಲ್ಲ ಸರ್. ಅವರು ತೀರಿಹೋದ ಮೇಲೆ ಗೊತ್ತಾಯ್ತು. ಅವರ ಪರಿಚಯ ಇತ್ತಾ ನಿಮಗೆ?" ಅಂತ ಆಕೆ ಕೇಳಿದರು.

"ಇತ್ತು" ಅಂದೆ.

ಕೊನೆಗೆ ಆ ದೊಡ್ಡ ಪತ್ರ. ಅದರಲ್ಲಿ ಕೆಂಗಲ್ ಹತ್ತಿರದ ಮದುವೆ ಇತ್ತು, ಕಳಚಿಕೊಂಡ ಬ್ಯಾಟರಿ ಇತ್ತು, ತೀರಿಹೋದ ಅಪ್ಪ ಇದ್ದರು. "ನಾನು ವಿಡಿಯೊ ತೆಗೆದವನು. ಆ ತಾಯಿಗೆ ನಿಜ ಹೇಳುವುದು ನನಗೆ ಬೇಕಿರಲಿಲ್ಲ. ನನ್ನ ಜೊತೆಗಿದ್ದ ಒಬ್ಬ ಹೆಂಗಸು ಹಟ ಹಿಡಿದು ಹೇಳಿಬಿಟ್ಟಳು. ಅವಳು ಮಾಡಿದ್ದು ತಪ್ಪು ಅಂತ ನನಗೆ ಈಗಲೂ ಅನ್ನಿಸುತ್ತದೆ. ಈ ದೋಷ ನಿಮ್ಮಲ್ಲಿ ಒಂದು ಕಡೆ ಸರಿಯಾಗಿತ್ತು, ಇನ್ನೊಂದು ಕಡೆ ಹಾಗೇ ಇತ್ತು. ತನ್ನ ಮನೆಯಲ್ಲಿ ನಿಮ್ಮ ಯಾವ ಗುಂಪಿನ ಕಂತೆ ಇದೆ ಅಂತ ಯಾವ ತಾಯಿಗೆ ತಾನೇ ಗೊತ್ತು?" ಹೀಗೆ ಹೋಗುತ್ತಿತ್ತು. ಅದನ್ನು ಓದಿ ಎರಡೂ ಕಡೆಯವರು ಮಾತಿಗೆ ಕೂತರಂತೆ.

ಆ ಹೆಂಗಸು ಮಾಡಿದ್ದು ತಪ್ಪು! ಆವತ್ತು ದಾರಿಯುದ್ದಕ್ಕೂ ಅವರ ಜೊತೆ ಮಾತು ಬಿಟ್ಟಿದ್ದ ನನ್ನ ಮನಸ್ಸಿನಲ್ಲಿ ಇದ್ದದ್ದನ್ನು ಅವರು ಹಾಗೇ ಬರೆದಿದ್ದರು. ನನ್ನ ಪರವಾಗಿ ಬರೆದರೋ, ಅವರಿಗೇ ಹಾಗನ್ನಿಸಿತ್ತೋ?

ಫೋಟೊ ಲೈಬ್ರರಿಯ ಪುಟದಲ್ಲಿ ಬಂತು. ನಮ್ಮ ಹಳ್ಳಿಗೂ ಸುದ್ದಿ ಹೋಯಿತು. ದೊಡ್ಡಪ್ಪನ ಮಗ ಹಾಲಿನ ಡೈರಿಯ ಮುಂದೆ ಎಲ್ಲರೆದುರು ತಬ್ಬಿಕೊಂಡು, "ಏನ್ಲಾ, ಫಾರಿನ್ನೋರ್ಗೆಲ್ಲ ಪಾಠ ಹೇಳ್ಕೊಟ್ಬುಟ್ಟಿದ್ದೀಯಂತೆ! ನಮ್ಗೊಂದ್ ಮಾತ್ ಹೇಳ್ಲಿಲ್ವಲ್ಲೋ ಕಳ್ಳ" ಅಂದ. ಕಳ್ಳ ಅನ್ನುವ ಮಾತು ಅವನು ಪ್ರೀತಿಗೆ ಅಂದದ್ದು. ನನಗೆ ಊಟ ಸೇರಲಿಲ್ಲ. ಹೆಂಡತಿಗೆ ಎಲ್ಲ ಹೇಳಿದೆ. ಅವಳು, "ಅವ್ರ ಗುಟ್ಟಂತೆ ಗುಟ್ಟು. ಅವ್ರು ಕಷ್ಟಪಟ್ಟಿದ್ದು ನೀವು ಹಾರ ಹಾಕ್ಸ್ಕೊತೀರಾ? ಫೋನ್ ಮಾಡಿ" ಅಂದಳು.

ಮಾಡಿದೆ. ಬೆಂಗಳೂರಿನ ಆಕೆ ಮೆಲ್ಲಗೆ, "ಇದು ಬರೀ ಹೆಸರು ತಿದ್ದೋ ವಿಷಯ ಅಲ್ಲ ಸರ್" ಅಂದರು. ತಿದ್ದುಪಡಿ ಕಳಿಸುವ ಪ್ರತಿಯೊಬ್ಬರೂ, ಇದು ನಾನೇ ಬರೆದದ್ದು ಅಂತ ನಿಜವಾದ ಹೆಸರಿನಲ್ಲಿ ಒಪ್ಪಿಕೊಂಡಿರಬೇಕಂತೆ. ಹೆಸರು ಸುಳ್ಳಾದರೆ ಒಪ್ಪಿಗೆಯೂ ಸುಳ್ಳು. ಒಪ್ಪಿಗೆ ಇಲ್ಲದ ಬರವಣಿಗೆಯನ್ನು ಕಿತ್ತುಹಾಕಬೇಕಾಗಬಹುದಂತೆ. ಎಷ್ಟೋ ವರ್ಷದ ಕೆಲಸ ಅದರ ಮೇಲೆ ಕೂತಿದೆಯಂತೆ.

ನಿಜ ಹೇಳಿ ಮೇಡಂ ಕೆಲಸಕ್ಕೇ ಕೊಡಲಿ ಹಾಕಿದೆನಾ ಅನ್ನಿಸಿತು. ಲೈಬ್ರರಿಯವರಲ್ಲಿ ವಾರಗಟ್ಟಲೆ ವಾದ ನಡೆಯಿತು. ಮೋಸ ಅಂದವರಿದ್ದರು. ಮೇಡಂ ಮಾಡಿದ್ದೇ ಸರಿ, ನಾವೇ ಅವರಿಗೆ ಬಾಗಿಲು ಹಾಕಿದ್ದೆವಲ್ಲ ಅಂದವರಿದ್ದರು. ಒಬ್ಬರಂತೂ, ಇಷ್ಟು ವರ್ಷ ಅವಳ ಎರಡೂ ಮುಖಗಳ ಜೊತೆ ಜಗಳವಾಡಿದ್ದೇನೆ, ಎರಡು ಸಲ ಸೋತಿದ್ದೇನೆ ಅಂತ ಬರೆದರಂತೆ. ಕೊನೆಗೆ ತೀರ್ಮಾನವಾದದ್ದು ಇಷ್ಟು. ಅವರ ವಾರಸುದಾರರು, ಇದು ಅವರದೇ, ಎಲ್ಲರೂ ಬಳಸಲು ನಮ್ಮ ಒಪ್ಪಿಗೆ ಇದೆ ಅಂತ ಬರೆದು ಕೊಟ್ಟರೆ ಸಾಕು, ಹೆಸರು ತಿದ್ದಿ ಹಾಗೇ ಉಳಿಸಿಕೊಳ್ಳುತ್ತೇವೆ. ವಾರಸುದಾರರು ಅಂದರೆ ಅಕ್ಕ ಒಬ್ಬರೇ.

ಬೆಂಗಳೂರಿನಾಕೆ ಕಾಗದ ಸಿದ್ಧಮಾಡಿಕೊಂಡು ಬಂದರು. ಇಬ್ಬರೂ ಮಾಗಡಿ ದಾಟಿ ಆ ಹಳ್ಳಿಗೆ ಹೋದೆವು. ಅಕ್ಕ ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ತಂಗಿಯದೇ ಮೂಗು, ಆದರೆ ದನಿ ದಪ್ಪ. ನಮಗೆ ತಿಳಿದ ಹಾಗೆ ವಿವರಿಸಿದೆವು. ಎರಡು ಗುಂಪು, ಎರಡು ಹೆಸರು, ಒಬ್ಬರೇ ಬರೆದದ್ದು, ಅದು ಈಗ ಎಲ್ಲರ ಫೋನಿನಲ್ಲೂ ಇರುವುದು. ಅವರು ಕಾಯಿ ಸುಲಿಯುವುದನ್ನು ನಿಲ್ಲಿಸದೆ ಕೇಳಿಸಿಕೊಂಡರು.

"ತಪ್ ಮಾಡೌಳೆ ಅಂತೀರೋ, ಒಳ್ಳೇದ್ ಮಾಡೌಳೆ ಅಂತೀರೋ?" ಅಂದರು.

ಬೆಂಗಳೂರಿನಾಕೆ, "ಅದಿನ್ನೂ ತೀರ್ಮಾನ ಆಗಿಲ್ಲಮ್ಮ" ಅಂದರು.

"ಅವ್ಳು ಚಿಕ್ಕೋಳಿದ್ದಾಗ್ಲೂ ಹಂಗೇಯ. ಅವ್ವಂಗೂ ನಂಗೂ ಮಾತಿಲ್ದಿದ್ರೆ, ಅವ್ವನ್ತಾವ ಹೋಗಿ ನಿನ್ ಕಡೀಕೇ ನಾನು ಅನ್ನೋಳು. ನನ್ತಾವ ಬಂದು ನಿನ್ ಕಡೀಕೇ ಅನ್ನೋಳು. ಇಬ್ರೂ ಒಂದಾದ್ಮೇಲೆ ಇಬ್ರೂ ಸೇರಿ ಅವ್ಳಿಗೇ ಬಯ್ತಿದ್ವಿ."

"ಬಯ್ದರೆ ಏನಂತಿದ್ರು?" ಅಂತ ಕೇಳಿದೆ.

"ಏನಂತಾಳೆ? ಸುಮ್ಕೆ ನಿಂತಿರೋಳು. ಜೋರಾಗಿ ಒಂದ್ ಮಾತಾಡ್ದೋಳಲ್ಲ ನಮ್ಮುಡ್ಗಿ."

ಆಗ ಬೆಂಗಳೂರಿನಾಕೆ ಲ್ಯಾಪ್‌ಟಾಪ್ ತೆಗೆದು ಆ ಎಮ್ಮೆಯ ಪತ್ರವನ್ನು ಕನ್ನಡದಲ್ಲಿ ಓದಿದರು. ಅಕ್ಕ ಮೊದಲು ನಂಬಲಿಲ್ಲ. ಇನ್ನೊಂದು ಓದಿ ಅಂದರು. ಮತ್ತೊಂದು ಓದಿದಾಗ ಅವರಿಗೆ ನಗು ಶುರುವಾಯಿತು. ಮೊರ ಪಕ್ಕಕ್ಕಿಟ್ಟು, ಸೆರಗು ಬಾಯಿಗಿಟ್ಟುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. "ಇಂಥ ಬಾಯಿ ಇತ್ತಾ ಅವ್ಳಿಗೆ! ನನ್ತಾವ ಒಂದ್ ದಿನಾನೂ ತೆಗೀಲಿಲ್ವಲ್ಲ" ಅಂದರು. ಆ ನಗು ಯಾವಾಗ ಅಳುವಾಯಿತೋ ನಮಗೆ ಗೊತ್ತಾಗಲಿಲ್ಲ. ಆಮೇಲೆ ಮುಖ ಒರೆಸಿಕೊಂಡು, "ಎಲ್ ಹಾಕ್ಬೇಕು?" ಅಂದು, ಕಾಗದದ ಮೇಲೆ ತಮ್ಮ ಹೆಸರನ್ನು ಒಂದೊಂದೇ ಅಕ್ಷರವಾಗಿ ಬರೆದರು. ಅದಾದ ಮೇಲೆ ಲೈಬ್ರರಿಯಲ್ಲಿ ನನ್ನ ಹೆಸರಿದ್ದ ಕಡೆಯೆಲ್ಲ ಮೇಡಂ ಹೆಸರು ಬಂತು. ನನ್ನ ಫೋಟೊ ತೆಗೆದರು.

ಅಂದು ಹೊರಡುವ ಮುಂಚೆ ಅಕ್ಕ ಕಾಫಿ ಕೊಟ್ಟರು. ಒಳಗಿನಿಂದ ತಮ್ಮ ಫೋನು ತಂದು ನನ್ನ ಕೈಗೆ ಕೊಟ್ಟು, "ಅವ್ಳು ಬರೆದಿದ್ದು ಇದ್ರಲ್ಲೂ ಐತೆ ಅಂದ್ರಲ್ಲ, ಎಲ್ಲೈತೆ ತೋರ್ಸಪ್ಪ" ಅಂದರು. ಏನು ತೋರಿಸುವುದು? ಸೊಸೆ ಕಳಿಸಿದ್ದ ಒಂದು ವಿಡಿಯೊ ಇತ್ತು, ಅದನ್ನು ಹಾಕಿದೆ. ಅವರ ಮೊಮ್ಮಗಳು ಹೊಸ ಲಂಗ ಹಾಕಿಕೊಂಡು ಕುಣಿಯುತ್ತಿದ್ದಳು. ಅಕ್ಕ ಕನ್ನಡಕ ಹಾಕಿಕೊಂಡು, ನನ್ನ ಭುಜಕ್ಕೆ ತಲೆ ತಾಗಿಸಿ, ಬಗ್ಗಿ ನೋಡಿದರು. ಮಗುವನ್ನು ನೋಡಲಿಲ್ಲ. ಅದರ ಹಿಂದಿನ ಗೋಡೆ, ಬಾಗಿಲು, ಮೂಲೆ, ಎಲ್ಲ ಕಡೆ ಹುಡುಕಿದರು.

"ಎಲ್ಲವ್ಳೆ?" ಅಂದರು.

ವಿಡಿಯೊ ಮುಗಿಯಿತು. ನಾನು ಇನ್ನೊಂದು ಸಲ ಹಾಕಿದೆ.